ಸ್ಪ್ರಿಂಗ್ ಏರ್ ರೈಫಲ್ ಹೊಡೆದಾಗ ‘ಟಂಯ್’ ಅನ್ನುತ್ತದೆ, ಹೊಗೆನೂ ಬರುತ್ತದೆ. ಬಿಚ್ಚಬೇಕಾ, ಬೇಡವಾ?

ದಾಲ್‌ಮಿಲ್ ಫಿಟ್ಟರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ನಾನು ಫಿಟ್ಟರ್. ಹೋದ ದೀಪಾವಳಿಗೆ ಒಂದು ಏರ್ ರೈಫಲ್ ತಗೊಂಡೆ. ಬ್ಯಾರೆಲ್ ಮಡಚಿ ಎಳೆಯೋ ಥರದ್ದು, ಒಳಗೆ ಸ್ಪ್ರಿಂಗ್ ಮತ್ತು ಪಿಸ್ಟನ್, ಬೋರ್ (ಬ್ಯಾರೆಲ್ಲಿನ ಒಳ ಅಳತೆ) .177 ಇಂಚು, ಅಂದರೆ 4.5 ಮಿ.ಮೀ. ನಮ್ಮ ದೇಶದ್ದೇ ಕಂಪನಿ. ಗುರುತಿನ ಚೀಟಿ ಕೊಟ್ಟು, ಬಿಲ್ ಮಾಡಿಸಿಕೊಂಡೇ ತಂದಿದ್ದೇನೆ.

ಮಿಲ್ಲಿನ ಹಿಂದೆ ಒಂದು ಹಳೆ ಗೋದಾಮು ಖಾಲಿ ಬಿದ್ದಿದೆ. ಮಾಲೀಕರನ್ನು ಕೇಳಿ ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅಲ್ಲೇ ಹೊಡೆಯುತ್ತೇನೆ. ಟೇಪ್ ಹಿಡಿದು 10 ಮೀಟರ್ ಅಳೆದು ಗೆರೆ ಹಾಕಿದ್ದೇನೆ. ಹಕ್ಕಿ ಗಿಕ್ಕಿ ಹೊಡೆಯೋ ಆಸೆ ನನಗಿಲ್ಲ. ಕಾಗದದ ಮೇಲೆ ಐದು ಛರ್ರೆ (ಸಣ್ಣ ಸೀಸದ ಗುಂಡು) ಒಂದೇ ತೂತಿನಲ್ಲಿ ಹೋಗಬೇಕು, ಅಷ್ಟೇ ಬೇಕಾಗಿರೋದು.

ಅದೇ ಆಗುತ್ತಿಲ್ಲ. ಟ್ರಿಗರ್ ಒತ್ತಿದ ಕೂಡಲೇ ಒಳಗಿಂದ ‘ಟಂಯ್’ ಅಂತ ಸದ್ದು ಬರುತ್ತದೆ. ಆ ನಡುಕ ಕೆನ್ನೆಗೆ, ಹಲ್ಲಿಗೆ ಗೊತ್ತಾಗುತ್ತದೆ. ನಡುನಡುವೆ ಒಂದೊಂದು ಸಲ ಪಟಾಕಿ ಹಾಗೆ ಜೋರು ಸದ್ದು, ಬ್ಯಾರೆಲ್ ತೆರೆದರೆ ಹೊಗೆ, ಸುಟ್ಟ ಎಣ್ಣೆ ವಾಸನೆ. ಆ ಗುಂಡು ಉಳಿದವುಗಳಿಗಿಂತ ಮೇಲೆ ಬೀಳುತ್ತದೆ. ಐದರಲ್ಲಿ ಮೂರು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಇನ್ನೆರಡು ಅಂಗೈ ಅಗಲ ಆಚೆ. ಕಟ್ಟಿಗೆಯ ಮುಂಭಾಗದ ಎರಡು ಸ್ಕ್ರೂ ಪದೇ ಪದೇ ಸಡಿಲ ಆಗುತ್ತವೆ.

ಅಂಗಡಿಯವರು ಹೊಸದು ಹಾಗೇ ಇರುತ್ತದೆ, ಹೊಡೆಯುತ್ತಾ ಹೋಗಿ ಅಂದರು. ಗೆಳೆಯನೊಬ್ಬ ಜಾಸ್ತಿ ದಪ್ಪ ಸ್ಪ್ರಿಂಗ್ ಹಾಕಿಸು, ಸ್ಪೀಡ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ. ಮಿಲ್ಲಿನಲ್ಲಿ ಬೇರಿಂಗ್ ಇಂಥ ಸದ್ದು ಮಾಡಿದರೆ ನಾನು ಬಿಚ್ಚಿ ನೋಡದೆ ಮನೆಗೆ ಹೋಗುವವನಲ್ಲ. ಆದರೆ ಇದರೊಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ ಅಂತ ಕೇಳಿದ್ದೇನೆ. ನನ್ನ ಹತ್ತಿರ ಚಾಸಿ ಗ್ರೀಸ್, ಗೇರ್ ಆಯಿಲ್, ಒಂದು ಡಬ್ಬಿ ಸಿಲಿಕೋನ್ ಸ್ಪ್ರೇ ಇದೆ. ಇದರಲ್ಲಿ ಯಾವುದು ನಡೆಯುತ್ತದೆ? ಕೈ ಹಾಕಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ಪಿ.ಟಿ. ಮಾಸ್ತರ್, ಯಾದಗಿರಿ

ತಮ್ಮಾ, ಸ್ಕ್ರೂಡ್ರೈವರ್ ಸ್ವಲ್ಪ ಹೊತ್ತು ಕೆಳಗಿಡು. ಮೂರು ಅಂಟಿಕೊಂಡು ಎರಡು ದೂರ ಹೋಗುತ್ತವೆ ಅಂದೆಯಲ್ಲ, ಬ್ಯಾರೆಲ್ ಕೆಟ್ಟಿದ್ದರೆ ಐದೂ ಚೆಲ್ಲಾಪಿಲ್ಲಿ ಆಗಬೇಕಿತ್ತು. ಬ್ಯಾರೆಲ್ ಚೆನ್ನಾಗೇ ಇದೆ ಅಂತ ನನಗನಿಸುತ್ತದೆ. ನೀನು ಬಂದೂಕನ್ನು ಏತರ ಮೇಲೆ ಇಟ್ಟು ಹೊಡೆಯುತ್ತೀ? ತೊಗರಿ ಚೀಲದ ಮೇಲಾ?

ಶಾಲೆ ಮಕ್ಕಳಿಗೆ 10 ಮೀಟರ್ ಹೊಡೆಯೋದು ಕಲಿಸುತ್ತೇನೆ, ಅದಕ್ಕೆ ಹೇಳುತ್ತಿದ್ದೇನೆ. ಸ್ಪರ್ಧೆಯ ಟಾರ್ಗೆಟ್‌ನಲ್ಲಿ ನಡುವಿನ 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ಆದರೆ ಈಗ ಆ ಮಟ್ಟದಲ್ಲಿ ಹೊಡೆಯುವವರ ಕೈಯಲ್ಲಿರೋದು ಸಿಲಿಂಡರಿನಲ್ಲಿ ಗಾಳಿ ತುಂಬಿಟ್ಟ ರೈಫಲ್. ಅದು ಒದೆಯೋದೇ ಇಲ್ಲ ಅನ್ನಬಹುದು. ಅದನ್ನು ಹಿಡಿದ ಹಾಗೆ ಸ್ಪ್ರಿಂಗ್ ರೈಫಲ್ ಹಿಡಿದರೆ ಗುಂಡು ಮಾತು ಕೇಳೋದಿಲ್ಲ.

ಯಾಕೆ ಗೊತ್ತಾ? ಸ್ಪ್ರಿಂಗ್ ಬಿಟ್ಟ ತಕ್ಷಣ ಭಾರದ ಪಿಸ್ಟನ್ ಮುಂದಕ್ಕೆ ಓಡುತ್ತದೆ, ಆಗ ಬಂದೂಕು ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆಗೆ ಹೋಗಿ ಒತ್ತಿದ ಗಾಳಿಗೆ ತಾಗಿದಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಇಷ್ಟೆಲ್ಲ ಆಗುವಾಗ ಛರ್ರೆ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಅದಕ್ಕೇ ನೀನು ಒಂದು ಸಲ ಬಿಗಿಯಾಗಿ, ಇನ್ನೊಂದು ಸಲ ಸಡಿಲವಾಗಿ ಹಿಡಿದರೆ ಬಂದೂಕು ಅಲುಗಾಡೋ ರೀತಿನೇ ಬೇರೆ ಆಗುತ್ತದೆ, ಗುಂಡು ಬೇರೆ ಕಡೆ ಹೋಗುತ್ತದೆ. ಈ ಒದೆತ ತಪ್ಪಿಸೋಕೆ ಹಿಂದೆ ಜರ್ಮನಿಯ ಫೈನ್‌ವೆರ್ಕ್‌ಬಾವ್ ಕಂಪನಿ ತನ್ನ 300 ಮಾಡೆಲ್‌ನಲ್ಲಿ ಬ್ಯಾರೆಲ್ ಸಮೇತ ಇಡೀ ಯಂತ್ರವೇ ಹಳಿ ಮೇಲೆ ಹಿಂದಕ್ಕೆ ಜಾರೋ ಹಾಗೆ ಮಾಡಿತ್ತು. ನಿನ್ನ ಬಂದೂಕಿನಲ್ಲಿ ಆ ಹಳಿ ಇಲ್ಲ. ಆ ಕೆಲಸ ನಿನ್ನ ಕೈ ಮಾಡಬೇಕು.

ಎಡಗೈ ಅಂಗೈ ತೆರೆದು ಅದರ ಮೇಲೆ ಬಂದೂಕು ಸುಮ್ನೆ ಕೂರಿಸು. ಬೆರಳು ಸುತ್ತಬೇಡ. ಅಂಗೈ ಎಲ್ಲಿದ್ದರೆ ತೂಕ ಸಮ ಆಗುತ್ತದೋ ಆ ಜಾಗಕ್ಕೆ ಒಂದು ಟೇಪ್ ಹಚ್ಚು, ಪ್ರತಿ ಸಲ ಅಲ್ಲೇ ಹಿಡಿ. ಬೇಕಾದರೆ ಕೈಯನ್ನು ಚೀಲದ ಮೇಲಿಡು, ಬಂದೂಕನ್ನು ನೇರವಾಗಿ ಚೀಲದ ಮೇಲೆ ಇಡಬೇಡ. ಹೆಗಲಿಗೆ ತಾಗಿದ ಹಾಗಿರಲಿ, ಒತ್ತಬೇಡ. ಕೆನ್ನೆನೂ ಅಷ್ಟೇ. ಗುಂಡು ಹೋದ ಮೇಲೂ ಕಣ್ಣು ಸೈಟ್ ಮೇಲೇ ಇರಲಿ, ತಲೆ ಎತ್ತಿ ಟಾರ್ಗೆಟ್ ನೋಡೋ ಚಟ ಬಿಡು.

ಛರ್ರೆನೂ ನೋಡು. 10 ಮೀಟರಿಗೆ ಮುಂದೆ ಚಪ್ಪಟೆ ಇರೋ ಜಾತಿ ಸಾಕು, ಕಾಗದದಲ್ಲಿ ತೂತು ದುಂಡಗೆ ಬೀಳುತ್ತದೆ. ಡಬ್ಬಿಯಿಂದ ತೆಗೆದಾಗ ಬಾಲದ ಅಂಚು ನಜ್ಜಾಗಿದ್ದರೆ ಅದನ್ನು ಬೇರೆ ಇಡು. ಸ್ಪೀಡ್ ಜಾಸ್ತಿ ಅಂತ ಮಾರೋ ತೀರಾ ಹಗುರದ ಛರ್ರೆ ಕೊಳ್ಳಬೇಡ. ಪಿಸ್ಟನ್ ಮುಂದೆ ತಡೆಯೇ ಇಲ್ಲದ ಹಾಗಾಗಿ ಪಿಸ್ಟನ್ನೇ ಹೋಗಿ ಒಳಗಿನ ಗೋಡೆಗೆ ಗುದ್ದುತ್ತದೆ. ಖಾಲಿ ಹೊಡೆಯೋದಂತೂ ಬೇಡವೇ ಬೇಡ.


ಲೇಥ್ ಕಾಕಾ, ಬೀದರ್

ಫಿಟ್ಟರ್ ಸಾಹೇಬರೇ, ಮೊದಲು ಮಾಸ್ತರ್ ಹೇಳಿದ್ದು ಮಾಡಿ. ಒಂದು ವಾರ ಕೈ ತಿದ್ದಿಕೊಳ್ಳಿ. ಆದರೆ ಮಾಸ್ತರ್, ನೀವು ಎಷ್ಟೇ ಚೆನ್ನಾಗಿ ಹಿಡಿದರೂ ಆ ‘ಟಂಯ್’ ಹೋಗೋದಿಲ್ಲ. ಅದು ಒಳಗಿನ ತೊಂದರೆ. ಪ್ರತಿ ಗುಂಡಿಗೂ ಬೇರೆ ಬೇರೆ ಥರ ನಡುಗೋ ಬಂದೂಕಿನಲ್ಲಿ ಒಂದೇ ಥರ ಹಿಡಿಯೋದನ್ನು ಹುಡುಗ ಕಲಿಯೋದಾದರೂ ಹೇಗೆ?

ನೌಬಾದ್ ಕಡೆ ನನ್ನದೊಂದು ಲೇಥ್ ಇದೆ. ಟ್ರ್ಯಾಕ್ಟರ್ ಪಿನ್ನು, ಬುಷ್, ಪಂಪಿನ ಶಾಫ್ಟ್ ಇದೇ ದಿನದ ಕೆಲಸ. ಸಂಜೆ ಹೊತ್ತು ಗೆಳೆಯರ ಏರ್ ರೈಫಲ್ ಬಿಚ್ಚುತ್ತೇನೆ. ಅದು ನನಗೆ ತುಂಬಾ ಇಷ್ಟದ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಆ ಸದ್ದು. ಸ್ಪ್ರಿಂಗ್ ಒಳಗೆ ಒಂದು ಕಡ್ಡಿ ಇರುತ್ತದೆ, ಗೈಡ್ ಅಂತಾರೆ. ಸ್ಪ್ರಿಂಗ್ ಒತ್ತಿದಾಗ ಡೊಂಕಾಗದ ಹಾಗೆ ಅದು ಕಾಯುತ್ತದೆ. ನಾನು ಬಿಚ್ಚಿದ ಬಂದೂಕುಗಳಲ್ಲಿ ಜಾಸ್ತಿ ಪಾಲು ಈ ಗೈಡ್ ಸಡಿಲ. ಸ್ಪ್ರಿಂಗಿನ ಒಳ ಅಳತೆಗೂ ಗೈಡಿನ ಹೊರ ಅಳತೆಗೂ ಅರ್ಧ ಮಿಲಿಮೀಟರ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ವ್ಯತ್ಯಾಸ. ಅಷ್ಟು ಜಾಗ ಸಿಕ್ಕರೆ ಸ್ಪ್ರಿಂಗ್ ಬಿಡುಗಡೆ ಆದ ಮೇಲೂ ನಡುಗುತ್ತಾ ಇರುತ್ತದೆ. ನಿಮ್ಮ ಹಲ್ಲಿಗೆ ಗೊತ್ತಾಗೋದು ಅದೇ. ಇದಕ್ಕೆ ಡಬ್ಬಿಗಟ್ಟಲೆ ಗ್ರೀಸ್ ತುಂಬೋದು ಮದ್ದಲ್ಲ, ಸರಿಯಾದ ಅಳತೆಯ ಗೈಡ್ ಮದ್ದು.

ಆ ಗೈಡನ್ನು ನಾನು ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ರಾಡಿನಲ್ಲಿ ತಿರುವುತ್ತೇನೆ. ಸಿಕಂದರಾಬಾದಿನ ರಾಣಿಗಂಜ್‌ಗೆ ಹೋದವರ ಕೈಲಿ ತರಿಸುತ್ತೇನೆ. ನೈಲಾನ್ ಬೇಡ, ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ. ಅಳತೆ ವರ್ನಿಯರ್‌ನಲ್ಲಿ ತೆಗೆದರೂ ಕೊನೆಯ ತೀರ್ಪು ಕೈಯದೇ. ಗೈಡನ್ನು ತಿರುಗಿಸುತ್ತಾ ಒತ್ತಿದರೆ ಮಾತ್ರ ಸ್ಪ್ರಿಂಗ್ ಒಳಗೆ ಹೋಗಬೇಕು. ಸ್ಪ್ರಿಂಗ್ ಮೇಲೆತ್ತಿ ಗೈಡ್ ಕೆಳಗೆ ಜೋತುಬಿಟ್ಟರೆ ತಾನಾಗಿ ಕಳಚಿ ಬೀಳಬಾರದು. ಬಿಗಿ ಆಯಿತಲ್ಲ, ಎಳೆಯುವಾಗ ಹಿಡಿದುಕೊಂಡರೆ ಅಂತ ಹೆದರಬೇಡಿ. ಸ್ಪ್ರಿಂಗ್ ಒತ್ತಿದಂತೆ ಅದರ ಸುತ್ತಳತೆ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಆಗ ಜಾಗ ಸಿಗುತ್ತದೆ.

ಈಗ ಬಿಚ್ಚೋ ವಿಷಯ. ಇಲ್ಲಿ ಅವಸರ ಬೇಡ. ಬಂದೂಕು ಎಳೆದಿಲ್ಲ, ಛರ್ರೆ ಇಲ್ಲ ಅಂತ ಎರಡು ಸಲ ನೋಡಿ. ಎಳೆಯದೇ ಇದ್ದಾಗಲೂ ಒಳಗೆ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ, ಕೆಲವದರಲ್ಲಿ ಎರಡು ಬೆರಳಗಲ, ಕೆಲವದರಲ್ಲಿ ನಾಲ್ಕು ಬೆರಳಗಲ. ಟ್ರಿಗರ್ ಕಡೆಯ ಪಿನ್ ಹೊಡೆದ ಕೂಡಲೇ ಹಿಂದಿನ ಬ್ಲಾಕ್ ಹಾರಿ ಎದೆಗೋ ಮುಖಕ್ಕೋ ಬಡಿಯುತ್ತದೆ. ಅದಕ್ಕೆ ಸ್ಪ್ರಿಂಗ್ ಒತ್ತಿ ಹಿಡಿಯೋ ಒಂದು ಕಂಪ್ರೆಸರ್ ಮಾಡಿಕೊಳ್ಳಿ. ಸಾಗವಾನಿ ಹಲಗೆ, ಎರಡು ತುದಿಗೆ ಗಟ್ಟಿ ತಡೆ, ಒಂದು ಕಡೆಯಿಂದ 16 ಮಿ.ಮೀ. ಥ್ರೆಡ್ ರಾಡ್. ಫಿಟ್ಟರ್‌ಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಡ್ ತಿರುವಿ ಬ್ಲಾಕಿನ ಮೇಲೆ ಒತ್ತಡ ತಗೊಂಡು, ಪಿನ್ ಬೆರಳಿನಿಂದಲೇ ಅಲುಗಾಡೋ ಹಾಗಾದಾಗ ಹೊರಗೆ ತೆಗೆಯಿರಿ. ಆಮೇಲೆ ನಿಧಾನ ಬಿಡುತ್ತಾ ಬನ್ನಿ.

ಸ್ಪ್ರಿಂಗ್ ಹೊರಗೆ ಬಂದ ಮೇಲೆ ಗಾಜಿನ ಮೇಲೆ ಉರುಳಿಸಿ ನೋಡಿ. ಸರಿ ಇದ್ದರೆ ಸದ್ದಿಲ್ಲದೆ ಉರುಳುತ್ತದೆ. ಡೊಂಕಿದ್ದರೆ ಒಂದು ಕಡೆ ಬೆಳಕು ಕಾಣುತ್ತದೆ, ಟಕ್ ಟಕ್ ಅಂತ ಕುಣಿಯುತ್ತದೆ. ಡೊಂಕು ಸ್ಪ್ರಿಂಗ್ ಪಿಸ್ಟನನ್ನು ಒಂದೇ ಬದಿಗೆ ಉಜ್ಜಿಸುತ್ತದೆ, ಪಿಸ್ಟನ್ ಮೈ ಮೇಲೆ ಆ ಗೀರು ಕಣ್ಣಿಗೇ ಕಾಣುತ್ತದೆ. ಎರಡು ತುದಿಯನ್ನೂ ಎಣ್ಣೆ ಕಲ್ಲಿನ ಮೇಲೆ ಉಜ್ಜಿ ಕನ್ನಡಿ ಥರ ಮಾಡಿ. ಒತ್ತಿದಾಗ ಸ್ಪ್ರಿಂಗ್ ಸ್ವಲ್ಪ ತಿರುಗುತ್ತದೆ, ತುದಿ ನುಣ್ಣಗಿದ್ದರೆ ಆ ತಿರುವು ಬಂದೂಕಿಗೆ ತಾಗೋದಿಲ್ಲ.

ನನಗೆ ಜಾಸ್ತಿ ಸಿಟ್ಟು ಬರೋದು ಇನ್ನೊಂದು ಜಾಗದಲ್ಲಿ. ಪಿಸ್ಟನ್ ಓಡಾಡೋ ಕಂಪ್ರೆಷನ್ ಟ್ಯೂಬಿನ ಕೆಳಗೆ ಉದ್ದಕ್ಕೆ ಸೀಳು ಇರುತ್ತದೆ, ಎಳೆಯೋ ತೋಳು ಅದರೊಳಗೆ ಓಡಾಡುತ್ತದೆ. ಆ ಸೀಳಿನ ಅಂಚನ್ನು ಕಾರ್ಖಾನೆಯಲ್ಲಿ ಉಜ್ಜದೆ ಬಿಟ್ಟಿರುತ್ತಾರೆ, ಬ್ಲೇಡ್ ಹಾಗೆ ಇರುತ್ತದೆ. ಗಾಳಿ ಸೋರದ ಹಾಗೆ ಪಿಸ್ಟನ್ ಮುಂದೆ ಇರೋ ಸೀಲ್ ಹಾಕುವಾಗ ಆ ಅಂಚು ಸೀಲಿನ ತುಟಿಯನ್ನು ಕತ್ತರಿಸುತ್ತದೆ. ಹೊಸ ಬಂದೂಕಿನಲ್ಲೇ ಸೀಲ್ ಕತ್ತರಿಸಿದ್ದು ಎಷ್ಟೋ ನೋಡಿದ್ದೇನೆ. ಸಣ್ಣ ಸೂಜಿ ಅರದಿಂದ ಅಂಚು ಮುರಿದು, 400 ನಂತರ 600 ನಂಬರ್ ಎಮರಿ ಕಾಗದ ಹಿಡಿಯಿರಿ. ಬೆರಳು ಆಡಿಸಿದರೆ ಎಲ್ಲೂ ಚುಚ್ಚಬಾರದು. ಲೋಹದ ಪುಡಿ ಒಂದು ಚೂರೂ ಉಳಿಯದ ಹಾಗೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ, ಮತ್ತೆ ಒಣ ಬಟ್ಟೆ, ಬಟ್ಟೆ ಬಿಳಿ ಬರೋ ತನಕ.

ಹೊಗೆ ಬರೋದು ಪಿಸ್ಟನ್ ಮುಂದೆ ಸೇರಿಕೊಂಡ ಎಣ್ಣೆಯಿಂದ. ಪಿಸ್ಟನ್ ಮುಂದಿನ ಗಾಳಿ ಒಮ್ಮೆಲೇ ಒತ್ತಿದಾಗ ಭಾರಿ ಕಾವೇರುತ್ತದೆ. ಅಲ್ಲಿ ಎಣ್ಣೆ ಇದ್ದರೆ ಡೀಸೆಲ್ ಇಂಜಿನ್ನಿನಲ್ಲಿ ಆಗೋದೇ ಅಲ್ಲೂ ಆಗುತ್ತದೆ. ಹೊಸ ಬಂದೂಕು ಮೊದಲ ಅರ್ಧ ಡಬ್ಬಿ ಸ್ವಲ್ಪ ಹೊಗೆ ಬಿಡೋದು ಮಾಮೂಲು. ಆದರೆ ಪಟಾಕಿ ಸದ್ದು ಪದೇ ಪದೇ ಬಂದರೆ ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಅದಕ್ಕೆ ನಿಮ್ಮ ಗೇರ್ ಆಯಿಲ್, ಚಾಸಿ ಗ್ರೀಸ್ ಎರಡೂ ಮಿಲ್ಲಿನಲ್ಲೇ ಇರಲಿ. ಆ ಸ್ಪ್ರೇ ಅಂತೂ ಮುಟ್ಟಲೇಬೇಡಿ. ಸಿಲಿಕೋನ್ ಅಂತ ಬರೆದಿದ್ದರೂ ಅದನ್ನು ಚಿಮ್ಮಿಸೋ ಗ್ಯಾಸ್ ಬೆಂಕಿ ಹಿಡಿಯುವಂಥದ್ದು.

ಹಾಕಬೇಕಾದ್ದು ಇಷ್ಟೇ. ಪಿಸ್ಟನ್ ಮೈಗೆ ಸೀಲಿನ ಹಿಂದಿನ ಭಾಗದಲ್ಲಿ ಮಾಲಿಬ್ಡಿನಮ್ ಪೇಸ್ಟ್, ಬೆರಳಲ್ಲಿ ಉಜ್ಜಿ ಕಪ್ಪು ಬಣ್ಣ ಉಳಿಯುವಷ್ಟು. ಸ್ಪ್ರಿಂಗಿಗೆ ಅಂಟು ಗ್ರೀಸಿನ ತೆಳು ಲೇಪ. ಸಿಂಥೆಟಿಕ್ ಸೀಲಿನ ಅಂಚಿಗೆ ಶುದ್ಧ ಸಿಲಿಕೋನ್ ಗ್ರೀಸ್ ಸವರಿದರೂ ಸವರದ ಹಾಗೆ. ಸೀಲಿನ ಮುಂದೆ ಏನೂ ಇಲ್ಲ, ಒಣಗಿರಬೇಕು. ಸಿಲಿಕೋನನ್ನು ಸ್ಪ್ರಿಂಗಿಗೆ ಹಾಕಬೇಡಿ, ಉಕ್ಕಿಗೆ ಉಕ್ಕು ಉಜ್ಜೋ ಜಾಗದಲ್ಲಿ ಅದು ಕೆಲಸಕ್ಕೆ ಬರೋದಿಲ್ಲ. ಅಂಟು ಗ್ರೀಸ್ ಜಾಸ್ತಿ ಆದರೆ ಇನ್ನೊಂದು ತಾಪತ್ರಯ. ಡಿಸೆಂಬರಿನ ಬೀದರ್ ಬೆಳಗಿನ ಚಳಿಗೆ ಅದು ಗಟ್ಟಿಯಾಗಿ ಬಂದೂಕು ಮಂಕಾಗುತ್ತದೆ. ನಿಮ್ಮ ಕಲಬುರಗಿ ಮೇ ತಿಂಗಳಲ್ಲಿ ಕರಗಿ ಮುಂದಕ್ಕೆ ಹರಿಯುತ್ತದೆ, ಮತ್ತೆ ಹೊಗೆ.

ದಪ್ಪ ಸ್ಪ್ರಿಂಗ್ ಹಾಕಿಸು ಅಂದ ಗೆಳೆಯನ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. 10 ಮೀಟರಿಗೆ ಸ್ಪೀಡ್ ಇಟ್ಟುಕೊಂಡು ಏನು ಮಾಡುತ್ತೀರಿ? ಪ್ರತಿ ಗುಂಡೂ ಒಂದೇ ಸ್ಪೀಡಿನಲ್ಲಿ, ಒಂದೇ ನಡುಕದಲ್ಲಿ ಹೋದರೆ ಸಾಕು. ನಾನು ಟ್ಯೂನ್ ಅನ್ನೋದು ಅದಕ್ಕೇ.

ಇನ್ನೊಂದು, ಇದು ಬೆರಳಿನ ವಿಷಯ. ಬ್ಯಾರೆಲ್ ಮಡಚಿ ಛರ್ರೆ ಹಾಕುವಾಗ ಇನ್ನೊಂದು ಕೈ ಬ್ಯಾರೆಲ್ ಮೇಲೆ ಬಿಗಿಯಾಗಿ ಇರಲೇಬೇಕು. ಎಳೆದ ಪಿಸ್ಟನನ್ನು ಹಿಡಿದಿಡೋ ಟ್ರಿಗರ್ ಕೊಕ್ಕೆ ಜಾರಿದರೆ ಬ್ಯಾರೆಲ್ ರಪ್ ಅಂತ ಮುಚ್ಚುತ್ತದೆ, ಒಳಗಿದ್ದ ಬೆರಳು ಉಳಿಯೋದಿಲ್ಲ. ಟ್ರಿಗರ್ ಕೊಕ್ಕೆಗೆ ಅರ ಹಚ್ಚಿ ಹಗುರ ಮಾಡೋಕೆ ಹೋಗಬೇಡಿ.


ದಾಲ್‌ಮಿಲ್ ಫಿಟ್ಟರ್, ಕಲಬುರಗಿ

ಮಾಸ್ತರ್, ಹೌದು, ತೊಗರಿ ಚೀಲದ ಮೇಲೇ ಇಡುತ್ತಿದ್ದೆ. ನೀವು ಹೇಳಿದ ಹಾಗೆ ಅಂಗೈ ಮೇಲೆ ಇಟ್ಟೆ. ದೂರ ಹೋಗುತ್ತಿದ್ದವು ಹತ್ತಿರ ಬಂದವು, ಪಟಾಕಿ ಸದ್ದು ಬಂದ ಗುಂಡು ಮಾತ್ರ ಈಗಲೂ ಮೇಲೇ. ತುಂಬಾ ಉಪಕಾರ ಆಯಿತು.

ಕಾಕಾ, ನಿಮ್ಮ ಮಾತು ಓದಿ ಕಂಪ್ರೆಸರ್ ಕೆಲಸ ಶುರು ಮಾಡಿದ್ದೇನೆ. ಮಿಲ್ಲಿನ ಹಳೆ ಕನ್ವೇಯರಿನ ಬೆಲ್ಟ್ ಬಿಗಿ ಮಾಡೋ ಸ್ಕ್ರೂ ಇತ್ತು, ಅದೇ ಸರಿಹೋಯಿತು. ಎರಡು ಪ್ರಶ್ನೆ. ಬ್ಯಾರೆಲ್ ಮಡಚೋ ಜಾಗದಲ್ಲಿ ಒಂದು ಸಣ್ಣ ರಬ್ಬರ್ ರಿಂಗ್ ಇದೆ, ಅಲ್ಲಿ ಗಾಳಿ ಸೋರುತ್ತದೆಯಾ ಅಂತ ನೋಡೋದು ಹೇಗೆ? ಸ್ಕ್ರೂ ಸಡಿಲ ಆಗೋದಕ್ಕೆ ಏನು ಮಾಡಲಿ?


ಲೇಥ್ ಕಾಕಾ, ಬೀದರ್

ಆ ರಿಂಗಿನ ಸುತ್ತ ಮುಖಕ್ಕೆ ಹಚ್ಚೋ ಪೌಡರ್ ಚೂರು ಉದುರಿಸಿ ಒಂದು ಗುಂಡು ಹೊಡೆಯಿರಿ. ಪೌಡರ್ ಹಾರಿದರೆ ಸೋರುತ್ತಿದೆ. ತೆಳು ಕಾಗದದ ಪಟ್ಟಿಯನ್ನು ಕೀಲಿನ ಮೇಲೆ ಇಟ್ಟು ನೋಡಿದರೂ ಆಗುತ್ತದೆ. ಸೋರುತ್ತಿದ್ದರೆ ರಿಂಗ್ ತೆಗೆದು ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆಯ ವಾಷರ್ ಕತ್ತರಿಸಿ ಹಾಕಿ. ರಿಂಗ್ ಮಟ್ಟಕ್ಕಿಂತ ಸ್ವಲ್ಪವೇ ಸ್ವಲ್ಪ ಎದ್ದಿದ್ದರೆ ಸಾಕು.

ಸ್ಕ್ರೂಗೆ ಹಲ್ಲು ವಾಷರ್ ಹಾಕಿ, ತಿರುಪಿನ ಗೆರೆಗೆ ಸ್ಕ್ರೂ ಹಿಡಿದಿಡೋ ಅಂಟು, ಅಂದರೆ ನೀಲಿ ಥ್ರೆಡ್‌ಲಾಕ್ ಒಂದು ಹನಿ. ಕೆಂಪು ಬೇಡ, ಮತ್ತೆ ಬಿಚ್ಚೋಕೆ ಕಾಯಿಸಬೇಕಾಗುತ್ತದೆ. ಎಣ್ಣೆ ಪೂರ್ತಿ ಒರೆಸಿಯೇ ಹಾಕಿ, ಇಲ್ಲದಿದ್ದರೆ ಹಿಡಿಯೋದಿಲ್ಲ.


ಸುರಪುರದವಳು

ಲೇಥ್ ಕಾಕಾ ಅವರಿಗೆ ನಮಸ್ಕಾರ. ಫಿಟ್ಟರ್ ಅಣ್ಣನ ಬಂದೂಕು ಹೊಸದು, ಸಿಂಥೆಟಿಕ್ ಸೀಲು. ಹಳೆಯದು ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಏರ್ ರೈಫಲ್ ಇದೆ. ಅದರ ಪಿಸ್ಟನ್ ಮುಂದೆ ಇರೋದು ಚರ್ಮದ ಬಟ್ಟಲು ವಾಷರ್, ಸೈಕಲ್ ಪಂಪಿನಲ್ಲಿ ಇರೋ ಜಾತಿಯದೇ.

ಚರ್ಮಕ್ಕೆ ಎಣ್ಣೆ ಬೇಕು. ಕಾಕಾ ಒಣಗಿರಬೇಕು ಅಂದದ್ದು ಓದಿ ಹಳೆ ಬಂದೂಕನ್ನೂ ಒಣಗಿಸಿದರೆ ಚರ್ಮ ಸೆಟೆದು ಗಾಳಿ ಹಿಡಿಯೋದನ್ನೇ ಬಿಡುತ್ತದೆ. ಅಜ್ಜ ಗಾಳಿ ತೂತಿನಲ್ಲಿ ಎರಡು ಹನಿ ಎಣ್ಣೆ ಬಿಟ್ಟು, ಬಂದೂಕು ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಬಿಡುತ್ತಿದ್ದರು. ಬೆಳಿಗ್ಗೆ ಮೊದಲ ಒಂದೆರಡು ಗುಂಡಿಗೆ ಸ್ವಲ್ಪ ಹೊಗೆ, ಆಮೇಲೆ ಸರಿ. ಈಗಲೂ ನಾವು ಹಾಗೇ ಮಾಡುತ್ತೇವೆ.

ವಾಷರ್ ಸವೆದು ಹೋದಾಗ ಎಲ್ಲೂ ಸಿಗಲಿಲ್ಲ. ಚಪ್ಪಲಿ ಹೊಲಿಯೋ ಕಾಕಾನ ಹತ್ತಿರ 3 ಮಿ.ಮೀ. ದಪ್ಪದ ಒಳ್ಳೆ ಹದದ ಚರ್ಮ ತಗೊಂಡು, ದುಂಡಗೆ ಕತ್ತರಿಸಿ, ನೀರಲ್ಲಿ ನೆನೆಸಿದೆವು. ಹಳೆ ಬೇರಿಂಗಿನ ಹೊರ ಬಳೆ ಟ್ಯೂಬಿನ ಅಳತೆಗೇ ಸಿಕ್ಕಿತು. ಅದರೊಳಗೆ ಚರ್ಮ ಇಟ್ಟು ನಡುವೆ ಬೋಲ್ಟ್ ಬಿಗಿದರೆ ಅಂಚು ತಾನೇ ಎದ್ದು ಬಟ್ಟಲಿನ ಆಕಾರ ಬರುತ್ತದೆ. ನೆರಳಲ್ಲಿ ಪೂರ್ತಿ ಒಣಗಬೇಕು, ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಒಣಗಿದ ಮೇಲೆ ಅಂಚನ್ನು ಚೂಪು ಬ್ಲೇಡಿನಲ್ಲಿ ಸಮ ಮಾಡಿ ಎಣ್ಣೆಯಲ್ಲಿ ನೆನೆಸಿಡಿ. ನೀರು ಒಳಗೆ ಉಳಿದರೆ ಟ್ಯೂಬ್ ತುಕ್ಕು ಹಿಡಿಯುತ್ತದೆ, ಅದೊಂದು ಗಮನ ಇರಲಿ.


ವಕೀಲ, ಸೇಡಂ

ತುಂಬಾ ಚೆನ್ನಾದ ಚರ್ಚೆ. ಯಂತ್ರದ ಬಗ್ಗೆ ನಾನು ಹೇಳೋದು ಏನೂ ಉಳಿದಿಲ್ಲ. ಕಾನೂನಿನ ಮಾತು ಮಾತ್ರ ಹೇಳುತ್ತೇನೆ, ಯಾಕೆಂದರೆ ದಪ್ಪ ಸ್ಪ್ರಿಂಗ್ ವಿಷಯ ಬಂತು.

2016ರ ಶಸ್ತ್ರ ನಿಯಮಗಳ ಪ್ರಕಾರ ಬೋರ್ 4.5 ಮಿ.ಮೀ. ದಾಟದೆ, ಗುಂಡಿನ ಶಕ್ತಿ 20 ಜೌಲ್ ದಾಟದೆ ಇದ್ದರೆ ಲೈಸೆನ್ಸ್ ಬೇಡ. ಎರಡರಲ್ಲಿ ಯಾವುದು ದಾಟಿದರೂ ಲೈಸೆನ್ಸ್ ಬೇಕು. ಲೆಕ್ಕ ಸುಲಭ. ಛರ್ರೆಯ ತೂಕ ಕಿಲೋದಲ್ಲಿ, ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ. ವೇಗವನ್ನು ವೇಗದಿಂದಲೇ ಗುಣಿಸಿ, ತೂಕದಿಂದ ಗುಣಿಸಿ, ಅರ್ಧ ಮಾಡಿ. ಅರ್ಧ ಗ್ರಾಂ ಛರ್ರೆ ಸೆಕೆಂಡಿಗೆ 283 ಮೀಟರ್ ಹತ್ತಿರ ಹೋದರೆ 20 ಜೌಲ್ ಆಯಿತು. ದಪ್ಪ ಸ್ಪ್ರಿಂಗ್ ಹಾಕಿಸಿ ಆ ಗೆರೆ ದಾಟಿದರೆ ಅಂಗಡಿಯ ಬಿಲ್ಲು ನಿಮ್ಮನ್ನು ಕಾಯೋದಿಲ್ಲ, ಮನೆಯಲ್ಲಿರೋದು ಲೈಸೆನ್ಸ್ ಇಲ್ಲದ ಆಯುಧ ಆಗುತ್ತದೆ.

ಎರಡನೇದು ಹಕ್ಕಿಗಳ ವಿಷಯ. ಫಿಟ್ಟರ್ ಅವರಿಗೆ ಆ ಆಸೆ ಇಲ್ಲ ಅಂದದ್ದು ಓದಿ ಮನಸ್ಸಿಗೆ ಸಮಾಧಾನ ಆಯಿತು. ಆದರೆ ಬಂದೂಕು ಇದೆ ಅಂತ ಗೊತ್ತಾದರೆ ಊರವರು ಬಿಡೋದಿಲ್ಲ. ನಮ್ಮ ಕಡೆ ಜೋಳ ಹಾಲುಗಾಳು ಆದಾಗ ಗಿಳಿ ಹಿಂಡು ಬರುತ್ತವೆ, ಎರಡು ಹೊಡೆದು ಕೊಡಪ್ಪ ಅಂತ ಕರೆಯುತ್ತಾರೆ. ಗಿಳಿ, ಬೆಳವ, ಕೌಜುಗ, ನವಿಲು ಎಲ್ಲ 1972ರ ವನ್ಯಜೀವಿ ಕಾಯ್ದೆಯ ಒಳಗೆ ಬರುತ್ತವೆ. ಏರ್ ಗನ್ ಅಂತ ವಿನಾಯಿತಿ ಇಲ್ಲ. ಗಿಳಿ ಓಡಿಸೋಕೆ ಅಟ್ಟಣೆ ಇದೆ, ಕವಣೆ ಇದೆ, ಡಬ್ಬಿ ಬಡಿಯೋದಿದೆ. ನಮ್ಮ ಹಿರಿಯರು ಅದರಲ್ಲೇ ಬೆಳೆ ಕಾಯ್ದರು.

ಕೊನೆಗೆ, ಗೋದಾಮಿನಲ್ಲಿ ಟಾರ್ಗೆಟ್ ಹಿಂದೆ ಏನಿದೆ ಅಂತ ನೀವು ಬರೆದಿಲ್ಲ. ನಮ್ಮ ಭಾಗದಲ್ಲಿ ಗೋಡೆ, ನೆಲ ಎಲ್ಲ ಶಹಾಬಾದ್ ಕಲ್ಲು. ಆ ಕಲ್ಲಿಗೆ ತಾಗಿದ ಛರ್ರೆ ವಾಪಸ್ ಬರುತ್ತದೆ.


ದಾಲ್‌ಮಿಲ್ ಫಿಟ್ಟರ್, ಕಲಬುರಗಿ

ವಕೀಲರೇ, ಒಳ್ಳೆ ಪ್ರಶ್ನೆ. ಟಾರ್ಗೆಟ್ ಹಿಂದೆ ಕಟ್ಟಿಗೆ ಪೆಟ್ಟಿಗೆ ಇದೆ, ಒಳಗೆ ಹಳೆ ಗೋಣಿಚೀಲ ಬಿಗಿಯಾಗಿ ತುರುಕಿದ್ದೇನೆ, ಹಿಂದಿನ ಬದಿಗೆ 3 ಮಿ.ಮೀ. ತಗಡು. ಗಾಗಲ್ ಹಾಕದೆ ಹೊಡೆಯೋದಿಲ್ಲ. ಸೀಸದ ಛರ್ರೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ರೊಟ್ಟಿ ಮುಟ್ಟೋದು, ಇದು ಮನೆಯವಳ ಕಟ್ಟಪ್ಪಣೆ.

ಬಂದೂಕು ಬಿಚ್ಚಿದೆ. ಕಾಕಾ ಹೇಳಿದ ಒಂದೊಂದೂ ಒಳಗಿತ್ತು. ಸೀಳಿನ ಅಂಚು ಉಗುರು ಕತ್ತರಿಸುವಷ್ಟು ಚೂಪು. ಸೀಲಿನ ತುಟಿಯಲ್ಲಿ ಅರ್ಧ ಚಂದ್ರನ ಥರ ಒಂದು ಚೂರು ಎದ್ದಿದೆ. ಪಿಸ್ಟನ್ ಮುಂದೆ ಕಂದು ಬಣ್ಣದ ಎಣ್ಣೆ ಹಾಗೇ ನಿಂತಿತ್ತು. ಗೈಡ್ ಸ್ಪ್ರಿಂಗ್ ಒಳಗೆ ಗಲಗಲ ಅನ್ನುತ್ತಿತ್ತು. ಸ್ಪ್ರಿಂಗ್ ಮಾತ್ರ ಗಾಜಿನ ಮೇಲೆ ನೆಟ್ಟಗೆ ಉರುಳಿತು. ಅಂಚು ಉಜ್ಜಿ, ತೊಳೆದು, ಸೀಲ್ ಹೊಸದು ಹಾಕಿದೆ. ಕಪನೂರ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪರಿಚಯದ ಲೇಥ್‌ನವರು ಕಾಕಾ ಹೇಳಿದ ಅಳತೆಗೆ ಡೆಲ್ರಿನ್ ಗೈಡ್ ತಿರುವಿ ಕೊಟ್ಟರು. ಗೈಡ್ ಜೋತುಬಿಟ್ಟು ನೋಡಿದೆ, ಬೀಳಲಿಲ್ಲ.

ಜೋಡಿಸಿ ಮೊದಲ ಗುಂಡು ಹೊಡೆದಾಗ ‘ಟಪ್’ ಅಂದಿತು, ಅಷ್ಟೇ. ಸ್ಪ್ರಿಂಗ್ ಮುರಿಯಿತಾ ಅಂತ ಮತ್ತೆ ಎಳೆದು ನೋಡಿದೆ. ಮಾಸ್ತರ್ ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಬಸ್ಸಿನಲ್ಲಿ ಕಳಿಸಿಕೊಟ್ಟಿದ್ದರು. ಮೊದಲು ಅರ್ಧ ಗ್ರಾಂ ಛರ್ರೆ ಸೆಕೆಂಡಿಗೆ 215 ಮೀಟರ್ ಆಸುಪಾಸು ಹೋಗುತ್ತಿತ್ತು, ಗುಂಡಿನಿಂದ ಗುಂಡಿಗೆ 20 ಮೀಟರ್ ಏರುಪೇರು. ಈಗ 208, ಏರುಪೇರು 4 ಮೀಟರ್ ಒಳಗೆ. ಲೆಕ್ಕ ಹಾಕಿದರೆ 11 ಜೌಲ್‌ಗಿಂತ ಸ್ವಲ್ಪ ಕಡಿಮೆ. ಸ್ಪೀಡ್ ಇಳಿದಿದೆ, ಗುಂಡು ಗುಂಪಾಗಿದೆ. ಐದೂ ಛರ್ರೆ ಒಂದು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋಗುತ್ತವೆ. ಆ ಕಾಗದವನ್ನು ಮಿಲ್ಲಿನ ಪಾಳಿ ಬೋರ್ಡಿನ ಪಕ್ಕ ಅಂಟಿಸಿದ್ದೇನೆ.

ಒಂದು ಸಂಶಯ ಉಳಿದಿದೆ. ದುರ್ಬೀನು ಸೈಟ್ ಹಾಕಿಸಬೇಕು ಅಂತಿದ್ದೇನೆ. ಪರಿಚಯದವರ ಹತ್ತಿರ ದೊಡ್ಡ ಬಂದೂಕಿನದು ಒಂದಿದೆ, ಸುಮ್ನೆ ಕೊಡುತ್ತಾರಂತೆ. ಅದು ಆಗುತ್ತದಾ?


ಲೇಥ್ ಕಾಕಾ, ಬೀದರ್

ಭೇಷ್ ಫಿಟ್ಟರ್ ಸಾಹೇಬರೇ, ಕೆಲಸ ಚೊಕ್ಕಟ ಮಾಡಿದ್ದೀರಿ. ಓದಿ ತುಂಬಾ ಖುಷಿ ಆಯಿತು.

ಆ ದುರ್ಬೀನು ಬೇಡ. ದೊಡ್ಡ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ, ಅದರ ಗಾಜು, ತಂತಿ ಎಲ್ಲ ಆ ಒಂದು ದಿಕ್ಕಿಗೆ ಕಟ್ಟಿರುತ್ತಾರೆ. ನಿಮ್ಮದು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ, ಒಳಗಿನ ಗಾಜು ಸಡಿಲವಾಗಿ ಹೋಗುತ್ತದೆ. ಅಲ್ಲದೆ ಅದು 100 ಗಜಕ್ಕೆ ಹೊಂದಿಸಿದ್ದು, 10 ಮೀಟರಿನಲ್ಲಿ ಮಬ್ಬು ಕಾಣುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ಗೆ ಅಂತಲೇ ಮಾಡಿದ, 10 ಮೀಟರಿಗೆ ಫೋಕಸ್ ಆಗೋದು ಕೇಳಿ ತಗೊಳ್ಳಿ. ಕ್ಲ್ಯಾಂಪ್ ಹಿಂದಕ್ಕೆ ಜಾರದ ಹಾಗೆ ತಡೆ ಪಿನ್ ಇರೋದೇ ಬೇಕು. ಆ ಪಿನ್ ಕೂರೋ ತೂತು ನಿಮ್ಮ ಬಂದೂಕಿನ ಮೇಲಿದೆಯಾ ನೋಡಿ. ಇಲ್ಲ ಅಂದರೆ ವರ್ನಿಯರ್‌ನಲ್ಲಿ ದುರ್ಬೀನಿನ ಕ್ಲ್ಯಾಂಪ್ ಕೂರೋ ಹಳಿಯ ಅಗಲ ಅಳೆದು ಕಳಿಸಿ, ತಡೆ ಬ್ಲಾಕ್ ಒಂದು ಮಾಡಿಕೊಡುತ್ತೇನೆ.